ಫೆಂಡರ್ ದಾಟಿದ ಚಕ್ರ: ಒಂದು ಸೆಡಾನ್ ಕಾರಿನ ಏಳು ತಿಂಗಳು

ಈ ಕಾರಿನ ಮಾಲೀಕರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ, ಚಕ್ರ ಕೂರಿಸಿದ ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ. ಈ ಪ್ರಕರಣದಲ್ಲಿ ತಪ್ಪಿದ್ದೂ ಅಳತೆಯಲ್ಲಿ, ಸರಿಹೋದದ್ದೂ ಅಳತೆಯಿಂದ. ನಾನು ಚಕ್ರ ಜೋಡಣೆ ಮತ್ತು ಸಸ್ಪೆನ್ಷನ್ ಕೆಲಸ ಮಾಡುವ ಸಣ್ಣ ಗ್ಯಾರೇಜ್ ನಡೆಸುತ್ತೇನೆ. ಇದೇ ಬಗೆಯ ತೊಂದರೆ ಹೊತ್ತ ಕಾರುಗಳು ತಿಂಗಳಿಗೆ ಎರಡೋ ಮೂರೋ ಬರುತ್ತವೆ. ಅವುಗಳಲ್ಲಿ ಇದೊಂದನ್ನು ಮೊದಲಿನಿಂದ ಕೊನೆಯವರೆಗೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ.

ಕಾರು ಮತ್ತು ಆಸೆ

ಮಾಲೀಕರು ಮೂವತ್ತರ ಆಸುಪಾಸಿನ ಯುವಕ, ಖಾಸಗಿ ಕಂಪನಿಯ ನೌಕರ. ನಗರದಲ್ಲಿ ದಿನದ ಓಡಾಟ. ಎರಡು ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಕರಾವಳಿಯ ಮನೆಗೆ ಪ್ರಯಾಣ. ಕಾರು ನಾಲ್ಕು ವರ್ಷ ಹಳೆಯದು, 48 ಸಾವಿರ ಕಿಲೋಮೀಟರ್ ಓಡಿತ್ತು. ಮುಂದಿನ ಚಕ್ರಗಳಿಗೆ ಚಾಲನೆ. ಹಿಂದೆ ಎರಡೂ ಚಕ್ರಗಳನ್ನು ಬೆಸೆಯುವ ಒಂದೇ ಉಕ್ಕಿನ ತೊಲೆ. ಕಂಪನಿ ಕೊಟ್ಟ ಚಕ್ರ 16 ಇಂಚಿನದು, 6 ಇಂಚು ಅಗಲ, ಆಫ್‌ಸೆಟ್ 45 (ಆಫ್‌ಸೆಟ್ ಎಂದರೇನೆಂದು ಮುಂದೆ ಹೇಳುತ್ತೇನೆ). ಟಯರ್ 185/55 ಆರ್16, ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇಕಡ 55, ಕೂರುವುದು 16 ಇಂಚಿನ ಚಕ್ರಕ್ಕೆ.

ಆ ಚಕ್ರಗಳು ಫೆಂಡರಿನ, ಅಂದರೆ ಚಕ್ರದ ಮೇಲಿನ ಕಮಾನಿನಂಥ ತಗಡಿನ, ಒಳಗೆ ಅಡಗಿ ಕುಳಿತಂತೆ ಕಾಣುತ್ತವೆ ಎಂಬುದು ಅವರ ಬಹುದಿನದ ಕೊರಗು. ಆ ಕೊರಗನ್ನು ನಾನು ಹಗುರವಾಗಿ ಕಾಣುವುದಿಲ್ಲ. ತನ್ನ ದುಡಿಮೆಯ ಕಾರು ಗಟ್ಟಿಯಾಗಿ, ಕಾಲು ಅಗಲಿಸಿ ನಿಂತಂತೆ ಕಾಣಬೇಕೆಂದು ಬಯಸುವುದರಲ್ಲಿ ತಪ್ಪೇನಿಲ್ಲ. ಅಕ್ಟೋಬರ್ ತಿಂಗಳಲ್ಲಿ ಅವರು 17 ಇಂಚಿನ, 7.5 ಇಂಚು ಅಗಲದ, ಆಫ್‌ಸೆಟ್ 25 ಇರುವ ಅಲಾಯ್ ಚಕ್ರಗಳನ್ನು ಕೊಂಡರು. ಟಯರ್ 205/45 ಆರ್17. ಒಟ್ಟು ಖರ್ಚು ಮುಕ್ಕಾಲು ಲಕ್ಷಕ್ಕೆ ಹತ್ತಿರ.

ಚಕ್ರದಲ್ಲಿ ಹಬ್‌ಗೆ, ಅಂದರೆ ಚಕ್ರವನ್ನು ನಟ್ ಹಾಕಿ ಬಿಗಿಯುವ ಕಾರಿನ ತಿರುಗುವ ಭಾಗಕ್ಕೆ, ಒತ್ತಿ ಕೂರುವ ಒಂದು ಮುಖವಿದೆ. ಚಕ್ರದ ಅಗಲದ ನಟ್ಟನಡುವಿನ ಗೆರೆಯಿಂದ ಆ ಮುಖ ಎಷ್ಟು ಮಿಲಿಮೀಟರ್ ಹೊರಕ್ಕಿದೆ ಎಂಬುದೇ ಆಫ್‌ಸೆಟ್. ಚಕ್ರದ ಒಳಮೈಯಲ್ಲಿ ‘ಇಟಿ’ ಎಂಬ ಅಕ್ಷರಗಳ ಪಕ್ಕದಲ್ಲಿ ಅದನ್ನು ಅಚ್ಚೊತ್ತಿರುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ. 45ರಿಂದ 25ಕ್ಕೆ ಇಳಿದರೆ 20 ಮಿಲಿಮೀಟರ್ ಹೊರಬರುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಚಕ್ರದ ಅಗಲವೂ ಹೆಚ್ಚಿದೆ ಎಂಬುದು ಅಲ್ಲಿ ಮರೆತುಹೋಗುತ್ತದೆ.

ಹಳೆಯ ಚಕ್ರದ ಅಗಲ 152.4 ಮಿ.ಮೀ. ಅದರ ಅರ್ಧ 76.2ರಲ್ಲಿ 45 ಕಳೆದರೆ, ಹಬ್ ಮುಖದಿಂದ ಹೊರ ಅಂಚಿಗೆ 31.2. ಹೊಸ ಚಕ್ರದ ಅಗಲ 190.5. ಅದರ ಅರ್ಧ 95.25ರಲ್ಲಿ 25 ಕಳೆದರೆ 70.25. ಅಂದರೆ ಹೊರ ಅಂಚು ಸರಿದದ್ದು 39 ಮಿಲಿಮೀಟರ್. ಒಳಗಡೆ ಲೆಕ್ಕ ಹಾಕಿ ನೋಡಿ: ಹಿಂದೆ 121.2, ಈಗ 120.25. ಒಂದು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಹೆಚ್ಚಿದ ಒಂದೂವರೆ ಇಂಚು ಅಗಲ ಪೂರ್ತಿಯಾಗಿ ಹೊರಗಡೆಗೇ ಹೋಗಿತ್ತು.

ಅಂಗಡಿಯವರು ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಶಾಕ್ ಅಬ್ಸಾರ್ಬರಿಗೆ ಟಯರ್ ತಾಗುವುದಿಲ್ಲ ಎಂದು ತೋರಿಸಿ, ಚಕ್ರ ಸರಿಯಾಗಿ ಕೂರುತ್ತದೆ ಎಂದರು. ಅವರು ನೋಡಿದ್ದು ಒಳಗಡೆಯನ್ನು, ಅಲ್ಲಿ ಏನೂ ಬದಲಾಗಿರಲಿಲ್ಲ. ಕಾರು ಖಾಲಿ ಇತ್ತು, ನೆಲ ಸಪಾಟಾಗಿತ್ತು. ಟಯರಿನ ಒಟ್ಟು ಎತ್ತರದ ಲೆಕ್ಕವನ್ನು ಮಾತ್ರ ಅವರು ಚೆನ್ನಾಗಿ ಮಾಡಿದ್ದರು: 610ರಿಂದ 616 ಮಿ.ಮೀ., ಶೇಕಡ 1ರಷ್ಟು ಹೆಚ್ಚಳ. ವೇಗದ ಮುಳ್ಳಿಗೆ ಅದರಿಂದ ತೊಂದರೆಯಿಲ್ಲ.

ಮೊದಲ ಭೇಟಿ: ನಡುಕ

ನವೆಂಬರಿನಲ್ಲಿ ಅವರು ನನ್ನಲ್ಲಿಗೆ ಬಂದದ್ದು ಬೇರೆಯೇ ದೂರಿನೊಂದಿಗೆ. ಗಂಟೆಗೆ 90 ಕಿಲೋಮೀಟರ್ ಮುಟ್ಟಿದ ಕೂಡಲೇ ಸ್ಟಿಯರಿಂಗ್ ನಡುಗುತ್ತಿತ್ತು. ಅಂಗಡಿಯಲ್ಲಿ ಮೂರು ಸಲ ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮಗೊಳಿಸುವ ಕೆಲಸ) ಮಾಡಿಸಿದ್ದರು. ಪ್ರತಿ ಸಲವೂ ಯಂತ್ರ ಸೊನ್ನೆ ತೋರಿಸಿತ್ತು, ಪ್ರತಿ ಸಲವೂ ಹೆದ್ದಾರಿಯಲ್ಲಿ ನಡುಕ ಮರಳಿತ್ತು.

ಚಕ್ರ ಬಿಚ್ಚಿದಾಗ ಎರಡು ಸಂಗತಿ ಕಂಡವು. ಚಕ್ರದ ನಡುವಿನ ತೂತು 73.1 ಮಿ.ಮೀ.; ಕಾರಿನ ಹಬ್ 56.1. ಹಲವು ಕಾರುಗಳಿಗೆ ಒಂದೇ ಚಕ್ರ ಮಾರಲು ತಯಾರಕರು ನಡುವಿನ ತೂತನ್ನು ದೊಡ್ಡದಾಗಿ ಬಿಡುತ್ತಾರೆ. ಆ ಸಂದು ತುಂಬಲು ಹಬ್ ಉಂಗುರ ಹಾಕಬೇಕು, ಇಲ್ಲಿ ಹಾಕಿರಲಿಲ್ಲ. ಚಕ್ರವನ್ನು ನಡುವಿನಲ್ಲಿ ಹಿಡಿಯುವ ಕೆಲಸ ನಟ್‌ಗಳ ಮೇಲೆ ಬಿದ್ದಿತ್ತು. ಬ್ಯಾಲೆನ್ಸಿಂಗ್ ಯಂತ್ರ ತನ್ನದೇ ಶಂಕುವಿನಿಂದ ಚಕ್ರವನ್ನು ನಡುವಿಗೆ ತಂದುಕೊಳ್ಳುವುದರಿಂದ ಅದರ ಮೇಲೆ ಸೊನ್ನೆ ಬರುವುದು ಸಹಜ.

ಎರಡನೆಯದನ್ನು ನೋಡಿ ನನಗೆ ಹೆದರಿಕೆಯಾಯಿತು. ಈ ಕಾರಿನ ಮೂಲ ನಟ್‌ಗಳ ಬುಡ ಗೋಲಿಯಂತೆ ಉರುಟು. ಹೊಸ ಚಕ್ರದ ಗುಳಿ 60 ಡಿಗ್ರಿಯ ಶಂಕು. ಅಂಗಡಿಯವರು ಹಳೆಯ ನಟ್‌ಗಳನ್ನೇ ಬಿಗಿದು ಕಳಿಸಿದ್ದರು. ಉರುಟಾದದ್ದು ಶಂಕುವಿನೊಳಗೆ ಮೈಯೊತ್ತಿ ಕೂರುವುದಿಲ್ಲ, ಕೂದಲೆಳೆಯಂಥ ಒಂದು ವೃತ್ತದಲ್ಲಿ ಮಾತ್ರ ತಾಗುತ್ತದೆ. ಗುಳಿಗಳಲ್ಲಿ ತೆಳ್ಳನೆಯ ಬಳೆಯಂತೆ ಹೊಳೆಯುವ ಗೆರೆ ಮೂಡಿತ್ತು, ಅದರ ಸುತ್ತ ಅಲ್ಯೂಮಿನಿಯಂನ ಬೂದುಪುಡಿ. ಕೈಪಿಡಿಯ ಪ್ರಕಾರ ಬಿಗಿತ 108 ನ್ಯೂಟನ್ ಮೀಟರ್ ಇರಬೇಕು. 16 ನಟ್‌ಗಳಲ್ಲಿ 5 ನಟ್‌ಗಳು 80ಕ್ಕೇ ಇನ್ನಷ್ಟು ತಿರುಗಿದವು. ಅಷ್ಟು ದಿನ ಹೆದ್ದಾರಿಯಲ್ಲಿ ಹಾಗೆಯೇ ಓಡಿದ್ದರು.

ಶಂಕು ಬುಡದ ಹೊಸ ನಟ್‌ಗಳು, ನಾಲ್ಕು ಉಂಗುರಗಳು, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿತ. ನಡುಕ ಹೋಯಿತು. ಹಳೆಯ ನಟ್‌ಗಳಲ್ಲಿ ನಾಲ್ಕನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಡಿಸಿದೆ. ಸ್ಟೆಪ್ನಿ ಕಂಪನಿಯ ಕಬ್ಬಿಣದ ಚಕ್ರ. ಅದಕ್ಕೆ ಉರುಟು ಬುಡದ ನಟ್‌ಗಳೇ ಬೇಕು. ಹೊರಗಿನ ಅಲಾಯ್ ಹಾಕಿಸಿಕೊಂಡವರಲ್ಲಿ ಬಹಳ ಮಂದಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ಹೊರಡುವಾಗ ಅವರು, “ಸರ್, ನಾಲ್ಕು ಜನ ಕುಳಿತರೆ ಹಿಂದೆ ಏನೋ ಉಜ್ಜಿದ ಸದ್ದು ಬರುತ್ತದೆ” ಎಂದರು. ನಾನು ಆ ಹೊತ್ತಿಗೆ ನಟ್‌ಗಳ ಅಪಾಯ ಕಳೆದ ಸಮಾಧಾನದಲ್ಲಿದ್ದೆ. ಟಯರಿನ ಹೊರಭುಜದಲ್ಲಿ, ಅಂದರೆ ನೆಲ ಮುಟ್ಟುವ ಮೈ ಪಕ್ಕಕ್ಕೆ ತಿರುಗುವ ಅಂಚಿನಲ್ಲಿ, ಸವೆದ ಗೆರೆಯನ್ನು ನೋಡಿ, ಫೆಂಡರಿನ ಒಳಮಡಿಕೆ ಮಡಚಿಸಿದರೆ ಸಾಕು ಎಂದುಬಿಟ್ಟೆ. ಅಳೆಯದೆ ಹೇಳಿದ ಮಾತು ಅದು. ನಂತರದ ಆರು ತಿಂಗಳು ಅದರ ಹಿಂದೆಯೇ ಬಂದವು.

ಒಂದರ ಮೇಲೊಂದು ಪರಿಹಾರ

ಡಿಸೆಂಬರಿನಲ್ಲಿ ಅವರು ಟಿಂಕರಿಂಗ್ ಅಂಗಡಿಯೊಂದರಲ್ಲಿ ಹಿಂದಿನ ಎರಡೂ ಫೆಂಡರುಗಳ ಒಳಮಡಿಕೆಯನ್ನು ಬಿಸಿಗಾಳಿ ಹಿಡಿದು, ರೋಲರ್ ಒತ್ತಿ ಮೇಲಕ್ಕೆ ಮಡಚಿಸಿದರು. ಬಲಗಡೆ ಚೆನ್ನಾಗಿ ಬಂತು. ಎಡಗಡೆ ಬಣ್ಣ ಬಿರುಕುಬಿಟ್ಟಿತು, ಸ್ವಲ್ಪ ದಿನದಲ್ಲೇ ಬಿರುಕಿನಲ್ಲಿ ತುಕ್ಕಿನ ಬಣ್ಣ ಕಂಡಿತು. ಬಂಪರ್ ಬಂದು ಫೆಂಡರಿಗೆ ಸೇರುವ ಮೂಲೆಯಲ್ಲಿ ಬಂಪರಿನ ಕಿವಿ ಅಡ್ಡ ಬರುತ್ತದೆ. ಅಲ್ಲಿ ಎರಡು ಬೆರಳಗಲದಷ್ಟು ಮಡಿಕೆ ಮಡಚದೆ ಉಳಿಯಿತು. ಉಳಿದ ತುದಿ ತಗಡಿನ ಹರಿತದಂತೆ ಒಳಗೆ ನೋಡುತ್ತಿತ್ತು.

ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಯಾರೋ ಹೇಳಿದರೆಂದು ಹಿಂದಿನ ಸ್ಪ್ರಿಂಗ್‌ಗಳ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿಸಿದರು. ಸ್ಪ್ರಿಂಗ್ ಗಡುಸಾದರೆ ಕಾರು ಕುಗ್ಗುವುದಿಲ್ಲ ಎಂಬ ಲೆಕ್ಕ. ಕಾರು ಕುಗ್ಗುವುದು ಸ್ವಲ್ಪ ಕಡಿಮೆಯಾಯಿತು, ಕೂತವರ ಬೆನ್ನಿಗೆ ಪೆಟ್ಟು ಹೆಚ್ಚಾಯಿತು. ದೊಡ್ಡ ತಗ್ಗಿನಲ್ಲಿ ಗಡುಸಾದ ಸ್ಪ್ರಿಂಗೂ ಕುಗ್ಗಲೇಬೇಕು. ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸಿ ಜಾಗ ಮಾಡಬಹುದೇ ಎಂದೂ ಕೇಳಿದರು. ಮುಂದಿನ ಚಕ್ರಗಳಿಗೆ ಸ್ವಲ್ಪ ಮಟ್ಟಿಗೆ ಸಾಧ್ಯ. ಹಿಂದೆ ಇಂಥ ಉಕ್ಕಿನ ತೊಲೆಯಿರುವ ಕಾರಿನಲ್ಲಿ ಕ್ಯಾಂಬರ್, ಅಂದರೆ ಚಕ್ರದ ಈ ವಾಲು, ಹೊಂದಿಸುವ ವ್ಯವಸ್ಥೆಯೇ ಇರುವುದಿಲ್ಲ.

ಇದರ ನಡುವೆ ಓಡಿಸುವ ಅನುಭವವೂ ಕೆಟ್ಟಿತ್ತು. ಲಾರಿಗಳು ಓಡಿ ತೋಡಾದ ಜಾಡಿಗೆ ಸಿಕ್ಕರೆ ಕಾರು ತಾನಾಗಿಯೇ ಅತ್ತಿತ್ತ ಎಳೆಯುತ್ತಿತ್ತು. ಬ್ರೇಕ್ ಒತ್ತುವಾಗ ಒಂದು ಚಕ್ರ ಮಣ್ಣಿನ ಅಂಚಿಗೆ ಇಳಿದರೆ ಸ್ಟಿಯರಿಂಗ್ ಕೈಯಿಂದ ಕಸಿದಂತೆ ಆಗುತ್ತಿತ್ತು. ಮುಂದಿನ ಚಕ್ರ ಒಂದು ಓರೆಯಾದ ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗದ ನಡುಗೆರೆಯ ಹತ್ತಿರವೇ ಬರುವಂತೆ ವಿನ್ಯಾಸ ಮಾಡಿರುತ್ತಾರೆ. ಈ ಎರಡರ ನಡುವಿನ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ನಡುಗೆರೆಯನ್ನು 20 ಮಿ.ಮೀ. ಹೊರಕ್ಕೆ ತಳ್ಳಿದರೆ ನೆಲದ ಪ್ರತಿಯೊಂದು ತಳ್ಳು ಅಷ್ಟು ಉದ್ದದ ಸನ್ನೆಗೋಲಿನಿಂದ ಸ್ಟಿಯರಿಂಗನ್ನು ತಿರುಗಿಸಲು ನೋಡುತ್ತದೆ. ಹಬ್ ಬೇರಿಂಗ್ ಮೇಲೆ ಬೀಳುವ ಬಾಗಿಸುವ ಬಲವೂ ಅದೇ ಕಾರಣಕ್ಕೆ ಏರುತ್ತದೆ. ಮುಂದೆ ಎಡ ಬೇರಿಂಗ್ ಗುಂಯ್‌ಗುಡಲು ಶುರುಮಾಡಿತ್ತು. ಅದು ಚಕ್ರದಿಂದಲೇ ಆಯಿತೆಂದು ಆಣೆ ಇಟ್ಟು ಹೇಳಲಾರೆ. ನಮ್ಮ ರಸ್ತೆಗಳಲ್ಲಿ ಅಷ್ಟು ಓಡಿದ ಕಾರಿನ ಬೇರಿಂಗ್ ಹೇಗಿದ್ದರೂ ಹೋಗಬಹುದು.

ಶಿರಾಡಿಯಲ್ಲಿ

ಏಪ್ರಿಲ್ ರಜೆಯಲ್ಲಿ ಅವರು, ಅವರ ಹೆಂಡತಿ, ತಂದೆ ತಾಯಿ, ತಂಗಿ ಐವರೂ ಊರಿಗೆ ಹೊರಟರು. ಡಿಕ್ಕಿ ತುಂಬ ಸಾಮಾನು. ಮಾರನಹಳ್ಳಿ ದಾಟಿ ಇಳಿಯುವಾಗ ಎಡ ಹಿಂಬದಿಯಿಂದ ಸದ್ದು ಹೆಚ್ಚಾಯಿತು. ಇದು ಗೊತ್ತಿರುವ ಸದ್ದು ಎಂದು ಅವರು ಮುಂದೆ ಹೋದರು. ಅವರ ತಾಯಿಗೆ ಸುಟ್ಟ ರಬ್ಬರಿನ ವಾಸನೆ ಬಂತು. “ನಿಲ್ಲಿಸು ಮಗ, ಇದು ಬೇರೆಯವರ ಗಾಡಿಯ ವಾಸನೆಯಲ್ಲ” ಎಂದು ಹಟ ಹಿಡಿದು ನಿಲ್ಲಿಸಿದರು.

ಆ ಟಯರ್ ಈಗ ನನ್ನ ಗ್ಯಾರೇಜಿನಲ್ಲಿದೆ. ಹೊರಭುಜದಲ್ಲಿ ಹನ್ನೊಂದು ಸೆಂಟಿಮೀಟರ್ ಉದ್ದಕ್ಕೆ ಕುಡುಗೋಲಿನ ಆಕಾರದ ಕೊಯ್ತ. ರಬ್ಬರಿನ ತುಟಿ ಬಿಡಿಸಿದರೆ ಒಳಗೆ ಬಿಳಿಯ ನೂಲಿನ ಪದರ ಕಾಣುತ್ತದೆ, ಎರಡು ಎಳೆ ಕಡಿದಿವೆ. ಗಾಳಿ ಮಾತ್ರ ಹೋಗಿರಲಿಲ್ಲ. ಆ ಮಡಚದೆ ಉಳಿದ ಮೂಲೆ ಮಾಡಿದ ಗಾಯ ಅದು. ತಿರುವಿನಲ್ಲಿ, ತಗ್ಗಿನಲ್ಲಿ, ತುಂಬಿದ ಭಾರದಲ್ಲಿ ಪ್ರತಿ ಸಲವೂ ಅದೇ ತುದಿ ಅದೇ ಭುಜವನ್ನು ಕೆರೆದಿತ್ತು. ಇನ್ನೆರಡು ತಿರುವು ಹೋಗಿದ್ದರೆ ಆ ಇಳಿಜಾರಿನಲ್ಲಿ ಏನಾಗುತ್ತಿತ್ತೋ. ಬಟ್ಟೆಯ ಚೀಲದ ನಾಲ್ಕು ನಟ್‌ಗಳಿಂದ ಸ್ಟೆಪ್ನಿ ಬಿಗಿದುಕೊಂಡು, ನಿಧಾನವಾಗಿ ಊರು ಸೇರಿದರು.

ಈ ಸಲ ಅಳೆದೆವು

ಮರಳಿ ಬಂದಾಗ ಅವರ ಮುಂದೆ ಮೂರು ದಾರಿಗಳಿದ್ದವು. ಫೆಂಡರನ್ನು ಇನ್ನಷ್ಟು ಕತ್ತರಿಸಿ ಹೊರಕ್ಕೆ ಉಬ್ಬಿಸುವುದು. ಕಂಪನಿಯ ಚಕ್ರಕ್ಕೆ ಮರಳುವುದು. ಇಲ್ಲವೇ ಬೇರೆ ಆಫ್‌ಸೆಟ್‌ನ ಚಕ್ರ ಹುಡುಕುವುದು. ಮೊದಲನೆಯದಕ್ಕೆ ನಾನು ಕೈಹಾಕುವುದಿಲ್ಲ ಎಂದು ಖಂಡಿತವಾಗಿ ಹೇಳಿದೆ. ಎರಡನೆಯದು ಎಲ್ಲಕ್ಕಿಂತ ಕ್ಷೇಮ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಳೆಯ ಚಕ್ರ ಹಾಕಿಕೊಂಡರೆ ಏಳು ತಿಂಗಳು ಮಾಡಿದ್ದೆಲ್ಲ ತಪ್ಪು ಅಂತ ಆಗುತ್ತದೆ ಸರ್” ಎಂದರು. “ತಪ್ಪಾದದ್ದು ಆಸೆಯಲ್ಲ, ಅಳತೆ. ಮೊದಲು ಕಾರಿನಲ್ಲಿ ಎಷ್ಟು ಜಾಗ ಇದೆ ನೋಡೋಣ, ಆಮೇಲೆ ಚಕ್ರ ಆರಿಸಿ” ಎಂದೆ.

ಕಂಪನಿಯ ಚಕ್ರಗಳನ್ನೇ ಮತ್ತೆ ಕೂರಿಸಿದೆವು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ನೋಡಲು ಬಳಸುವ ತೂಕದ ಗುಂಡನ್ನು ಫೆಂಡರಿನ ಅಂಚಿನಿಂದ ಇಳಿಬಿಟ್ಟೆ. ದಾರದಿಂದ ಟಯರಿನ ಉಬ್ಬಿಗೆ ಮುಂದೆ 18 ಮಿ.ಮೀ., ಹಿಂದೆ 21. ಹೊರಗೆ ಹೋಗಲು ಕಾರು ಕೊಡುವ ಜಾಗ ಇಷ್ಟೇ. 17 ಇಂಚಿನ ಜೋಡಿಯಲ್ಲಿ ಚಕ್ರದ ಅಂಚು 39 ಮಿ.ಮೀ. ಸರಿದಿದ್ದರೂ ಟಯರಿನ ಉಬ್ಬು ಸುಮಾರು 32 ಮಿ.ಮೀ. ಹೊರಬಂದಿತ್ತು. ಮುಂದೆ 14, ಹಿಂದೆ 11 ಮಿ.ಮೀ. ಫೆಂಡರಿನಾಚೆ. ಬಾಗಿಲಿಗೆ ಕೆಸರು ಸಿಡಿಯುತ್ತಿದ್ದುದು ಏಕೆಂದು ಆಗ ಅವರಿಗೆ ಅರ್ಥವಾಯಿತು.

ನಾನು ಲೆಕ್ಕ ಹಾಕಿದ್ದು 16 ಇಂಚು, 6.5 ಇಂಚು ಅಗಲ, ಆಫ್‌ಸೆಟ್ 40, ಟಯರ್ 205/50 ಆರ್16. ಎತ್ತರ 611 ಮಿ.ಮೀ., ಹಳೆಯದಕ್ಕೂ ಇದಕ್ಕೂ ಒಂದೂವರೆ ಮಿಲಿಮೀಟರ್ ಮಾತ್ರ ವ್ಯತ್ಯಾಸ. ಟಯರ್ ಹೊರಗೆ 15, ಒಳಗೆ 5 ಮಿ.ಮೀ. ಸರಿಯುತ್ತದೆ. ನಡುಗೆರೆ 5 ಮಾತ್ರ ಸರಿಯುವುದರಿಂದ ಸ್ಟಿಯರಿಂಗಿನ ಗುಣ ಕೆಡುವುದಿಲ್ಲ. ಭಾರದ ಸೂಚ್ಯಂಕವನ್ನೂ ನೋಡಿದೆ: ಹಳೆಯ ಟಯರಿನದು 83, ಅಂದರೆ ಪ್ರತಿ ಟಯರಿಗೆ 487 ಕಿಲೋ, ಹೊಸದರದು 87, ಅಂದರೆ 545 ಕಿಲೋ.

ಆದರೆ ಕಾಗದದ ಲೆಕ್ಕವನ್ನು ಮತ್ತೆ ನಂಬಿ ಕೂರಲು ನಾನು ಸಿದ್ಧನಿರಲಿಲ್ಲ. ಕಂಪನಿಯ ಚಕ್ರದ ಹಿಂದೆ 15 ಮಿ.ಮೀ. ಸ್ಪೇಸರ್ (ಚಕ್ರಕ್ಕೂ ಹಬ್‌ಗೂ ನಡುವೆ ಕೂರುವ ಲೋಹದ ಬಿಲ್ಲೆ) ಇಟ್ಟು, ಹೊಸ ಟಯರಿನ ಹೊರ ಅಂಚು ಬರುವ ಜಾಗಕ್ಕೇ ಹಳೆಯ ಟಯರನ್ನು ತಂದೆ. ಇದು ನಿಂತ ಕಾರಿನಲ್ಲಿ ಅಳೆಯುವುದಕ್ಕೆ ಮಾತ್ರ. ಅಷ್ಟು ದಪ್ಪದ ಸ್ಪೇಸರ್ ಇಟ್ಟರೆ ನಟ್ ಹಿಡಿಯಲು ಬೋಲ್ಟಿನಲ್ಲಿ ಸಾಕಷ್ಟು ಥ್ರೆಡ್ ಉಳಿಯುವುದಿಲ್ಲ, ಹಾಗೆ ಒಂದು ಮಾರೂ ಓಡಿಸಬಾರದು. ಡಿಕ್ಕಿಯಲ್ಲಿ ಮರಳಿನ ಚೀಲ, ಸೀಟುಗಳಲ್ಲಿ ನಮ್ಮ ಹುಡುಗರು ಐವರು. ಎಡ ಹಿಂಚಕ್ರ ಮತ್ತು ಬಲ ಮುಂಚಕ್ರದ ಅಡಿಯಿಂದ ಜ್ಯಾಕ್ ಮತ್ತು ದಪ್ಪ ಹಲಗೆ ಕೊಟ್ಟು ಎತ್ತಿದೆವು. ಹೀಗೆ ಮೂಲೆಗೆ ಮೂಲೆ ಎತ್ತಿದರೆ ಆ ಎರಡು ಚಕ್ರಗಳು ಫೆಂಡರಿನೊಳಗೆ ಪೂರ್ತಿ ನುಗ್ಗುತ್ತವೆ, ಘಾಟಿಯ ತಿರುವಿನ ತಗ್ಗಿನಲ್ಲಿ ನುಗ್ಗುವಂತೆಯೇ.

ಸಂದಿನಲ್ಲಿ ಎಷ್ಟು ಉಳಿಯಿತೆಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮನೆಯಿಂದ ಚಪಾತಿಗೆ ಕಲಸಿದ ಹಿಟ್ಟು ತರಿಸಿ, ಹೆಬ್ಬೆರಳು ದಪ್ಪದ ಉಂಡೆಗಳನ್ನು ಫೆಂಡರಿನ ಒಳ ಅಂಚಿಗೆ ಅಂಟಿಸಿದ್ದೆವು. ಕಾರನ್ನು ಇಳಿಸಿ ಹಿಟ್ಟನ್ನು ಬ್ಲೇಡಿನಿಂದ ಕೊಯ್ದು ಅಳೆದೆವು. ಹಿಂದೆ ಎಡಗಡೆ ಅತಿ ತೆಳುವಾದ ಕಡೆ 6 ಮಿ.ಮೀ., ಟಯರಿನ ಗೆರೆಗಳು ಹಿಟ್ಟಿನ ಮೇಲೆ ಅಚ್ಚಾಗಿ ಮೂಡಿದ್ದವು. ಅವರು ಆ ಹಿಟ್ಟಿನ ತುಂಡನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬಂಪರ್ ಮೂಲೆಯ ಹರಿತವಾದ ತುದಿಯನ್ನು ಅರೆದು ಉರುಟು ಮಾಡಿ, ಬಿರುಕು ಕೆರೆದು ತುಕ್ಕುನಿರೋಧಕ ಬಳಿದು ಬಣ್ಣ ಹಚ್ಚಿಸಿದೆವು. ಸ್ಪ್ರಿಂಗ್ ಬಫರ್‌ಗಳನ್ನು ಕಿತ್ತುಹಾಕಿದೆವು. ಗುಂಯ್‌ಗುಡುತ್ತಿದ್ದ ಬೇರಿಂಗನ್ನೂ ಬದಲಿಸಿದೆವು.

ನಾನು ಈಗ ಎಲ್ಲಾ ಕಾರಿಗೂ ಹೀಗೆಯೇ ಮಾಡುತ್ತೇನೆ: ಚಕ್ರ ಕೊಳ್ಳುವ ಮೊದಲು ಕಂಪನಿಯ ಚಕ್ರದಲ್ಲೇ ಹೊರಜಾಗ ಮತ್ತು ಒಳಜಾಗ ಅಳೆಯುವುದು, ಭಾರ ತುಂಬಿ ಅಳೆಯುವುದು, ಆಮೇಲೆ ಆಫ್‌ಸೆಟ್ ಮಾತು. ಅರ್ಧ ದಿನದ ಕೆಲಸ. ಇದನ್ನು ಅಕ್ಟೋಬರಿನಲ್ಲಿ ಯಾರಾದರೂ ಮಾಡಿದ್ದರೆ ಮುಕ್ಕಾಲು ಲಕ್ಷವೂ ಉಳಿಯುತ್ತಿತ್ತು, ಆ ತಾಯಿಯ ಮೂಗನ್ನು ನಂಬಿ ಐದು ಜೀವಗಳು ಘಾಟಿ ಇಳಿಯುವ ಸ್ಥಿತಿಯೂ ಬರುತ್ತಿರಲಿಲ್ಲ.

ಕಾನೂನಿನ ಮಾತನ್ನೂ ಅವರಿಗೆ ಹೇಳಬೇಕಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯ ನಂತರ, ಕಾಯ್ದೆ ಒಪ್ಪದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಫೆಂಡರಿನಾಚೆ ಚಾಚಿದ ಚಕ್ರ ದಾರಿಹೋಕನ ಕಣ್ಣಿಗೂ ಕಾಣುತ್ತದೆ. ಅವರು ವಿಮಾ ಕಂಪನಿಗೆ ಅಕ್ಟೋಬರಿನಲ್ಲಿ ಏನನ್ನೂ ತಿಳಿಸಿರಲಿಲ್ಲ. ಘಾಟಿಯಲ್ಲಿ ಅಪಘಾತವಾಗಿದ್ದರೆ ಪರಿಹಾರದ ಮಾತೂ ತಕರಾರಿಗೆ ಬೀಳುತ್ತಿತ್ತು. ಹೊಸ ಚಕ್ರಗಳ ವಿವರವನ್ನು ಬಿಲ್ ಸಮೇತ ಬರವಣಿಗೆಯಲ್ಲಿ ವಿಮಾ ಕಂಪನಿಗೆ ಕಳಿಸಿದ ಮೇಲೆಯೇ ಅವನ್ನು ಕೂರಿಸಿದೆವು.

ಮೇ ತಿಂಗಳಲ್ಲಿ ಹೊಸ ಜೋಡಿ ಏರಿತು. ತೂಕದ ಗುಂಡಿನ ದಾರದಿಂದ ಟಯರಿಗೆ ಮುಂದೆ 3, ಹಿಂದೆ 6 ಮಿ.ಮೀ., ಎರಡೂ ಒಳಗಡೆ. ಕಾರು ಈಗ ನೋಡಲು ಗಟ್ಟಿಯಾಗಿ ನಿಂತಿದೆ, ಜಾಡಿಗೆ ಸಿಕ್ಕರೂ ನೇರವಾಗಿ ಹೋಗುತ್ತದೆ. ಅವರು ಅದೇ ಐವರೊಂದಿಗೆ ಶಿರಾಡಿ ಇಳಿದು ಹತ್ತಿ ಬಂದರು. ಬಂದ ಮೇಲೆ ನಾವು ಟಯರಿನ ಭುಜಗಳನ್ನು ಟಾರ್ಚ್ ಹಿಡಿದು ನೋಡಿದೆವು. ಹೊಸ ಟಯರಿನ ಮೇಲಿರುವ ರಬ್ಬರಿನ ಕೂದಲುಗಳು ಸಹ ಭುಜದಲ್ಲಿ ಹಾಗೆಯೇ ಇದ್ದವು.

ಹದಿನೇಳು ಇಂಚಿನ ಚಕ್ರಗಳನ್ನು ಮಾರಲು ಅವರು ಮೊಬೈಲಿನಲ್ಲಿ ಜಾಹೀರಾತು ಹಾಕಿದರು. ಮೊದಲ ವಾರವೇ ಒಬ್ಬರು ಪೂರ್ತಿ ಹಣದೊಂದಿಗೆ ಬಂದರು, ಅದೇ ನಾಲ್ಕು ನಟ್‌ನ ಇನ್ನೊಂದು ಸೆಡಾನ್. ಮಾರುವವರೇ ಅವರನ್ನು ಕಾರಿನ ಸಮೇತ ನನ್ನಲ್ಲಿಗೆ ಕರೆತಂದು, “ಸರ್, ಮೊದಲು ದಾರ ಇಳಿಬಿಡಿ” ಎಂದರು. ಇಳಿಬಿಟ್ಟೆ. ಹಿಂದೆ 16 ಮಿ.ಮೀ. ಜಾಗವಿತ್ತು. ಬಂದವರು ಚಕ್ರವನ್ನೊಮ್ಮೆ, ದಾರವನ್ನೊಮ್ಮೆ ನೋಡಿ, ಹಣವನ್ನು ಜೇಬಿಗೆ ಹಾಕಿಕೊಂಡು ಹೋದರು. ಆ ನಾಲ್ಕು ಚಕ್ರಗಳು ಇನ್ನೂ ಅವರ ಮನೆಯ ಅಟ್ಟದಲ್ಲಿವೆ.